ಚಾರ್ಜ್: ಒಂದು ಚಕ್ಕಡಿ, ಹತ್ತು ಹೇರು

ಬೆಳಿಗ್ಗೆ ಎದ್ದು ಮೊಬೈಲ್ ಕೈಗೆತ್ತಿಕೊಂಡರೆ ‘ಚಾರ್ಜ್ ಖಾಲಿ ಆಗೇತಿ’. ಬಸ್ಸು ಹತ್ತಿದರೆ ‘ಗದಗಿಗೆ ಚಾರ್ಜ್ ಎಷ್ಟ್ರೀ?’. ಸಾಲಿಗೆ ಹೋಗಿ ಕೇಳಿದರೆ ‘ಹೆಡ್‌ಮಾಸ್ತರು ರಜೆದಾಗ ಅದಾರ, ಇನ್‌ಚಾರ್ಜ್ ಮಾಸ್ತರನ್ನ ಕೇಳ್ರಿ’. ಪೇಪರ್ ತೆರೆದರೆ ಲಾಠಿ ಚಾರ್ಜ್, ಚಾರ್ಜ್‌ಶೀಟ್. ಹೆಸ್ಕಾಂ ಬಿಲ್ಲಿನಲ್ಲಿ ಫಿಕ್ಸೆಡ್ ಚಾರ್ಜ್. ಹುಬ್ಬಳ್ಳಿ-ಧಾರವಾಡದ ಕಡೆ ತಮಗೆ ಇಂಗ್ಲಿಷ್ ಬರುವುದಿಲ್ಲ ಎನ್ನುವವರ ಬಾಯಲ್ಲೂ ಈ ಪದ ದಿನಕ್ಕೆ ನಾಲ್ಕಾರು ಸಲ ಬಂದುಹೋಗುತ್ತದೆ. ಆದರೆ ಅದೇ ಪದವನ್ನು ಇಂಗ್ಲಿಷ್ ವಾಕ್ಯದಲ್ಲಿ ಇಟ್ಟು ಬರೆಯಿರಿ ಎಂದರೆ ಪದವಿ ಮುಗಿಸಿದವರ ಪೆನ್ನೂ ತಡವರಿಸುತ್ತದೆ.

ನಿಘಂಟು ತೆರೆದರೆ ದರ, ಆರೋಪ, ಹೊಣೆ, ದಾಳಿ, ವಿದ್ಯುದಂಶ, ತುಂಬು ಎಂಬ ಅರ್ಥಗಳು ಸಾಲಾಗಿ ಸಿಗುತ್ತವೆ. ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಾಣುವ ಈ ಪಟ್ಟಿಯನ್ನು ಬಾಯಿಪಾಠ ಮಾಡಿದರೆ ನಾಲ್ಕು ದಿನಕ್ಕೆ ಮರೆತುಹೋಗುತ್ತದೆ. ಅದರಲ್ಲಿ ಕಲಿಯುವವರ ತಪ್ಪೇನೂ ಇಲ್ಲ. ಎಳೆಯಿಲ್ಲದ ಮಣಿಗಳನ್ನು ಮನಸ್ಸು ಹಿಡಿದಿಟ್ಟುಕೊಳ್ಳುವುದಿಲ್ಲ. ಚಾರ್ಜ್ ಪದಕ್ಕೆ ಮಾತ್ರ ಒಂದು ಗಟ್ಟಿ ಎಳೆ ಇದೆ, ಮತ್ತು ಅದನ್ನು ಹಿಡಿಯಲು ನಮ್ಮ ಕಡೆಯವರಿಗೆ ಬೇರೆಯವರಿಗಿಂತ ಸಲೀಸು.

ಆ ಎಳೆ ಚಕ್ಕಡಿ. ಲ್ಯಾಟಿನ್ ಭಾಷೆಯಲ್ಲಿ ‘ಕಾರ್ರುಸ್’ ಎಂದರೆ ಸಾಮಾನು ಸಾಗಿಸುವ ಗಾಡಿ. ರೋಮನ್ನರು ಈ ಪದವನ್ನು ಇಂದಿನ ಫ್ರಾನ್ಸ್ ಪ್ರದೇಶದಲ್ಲಿದ್ದ ಗಾಲ್ ಜನರಿಂದ ಪಡೆದರು. ಅದರಿಂದ ಮುಂದೆ ‘ಕಾರ್ರಿಕಾರೆ’, ಅಂದರೆ ಗಾಡಿಗೆ ಹೇರು ಎಂಬ ಕ್ರಿಯಾಪದ ಹುಟ್ಟಿತು. ಅದು ಹಳೆಯ ಫ್ರೆಂಚ್ ದಾಟಿ 13ನೆಯ ಶತಮಾನದಲ್ಲಿ ಇಂಗ್ಲಿಷಿಗೆ ‘ಚಾರ್ಜ್’ ಆಗಿ ಬಂತು. ಇಂದಿನ ಫ್ರೆಂಚರು ಇದೇ ಪದವನ್ನು ‘ಶ’ಕಾರದಲ್ಲಿ ಹೇಳುತ್ತಾರೆ. ಆ ಕಾಲದ ಫ್ರೆಂಚಿನಲ್ಲಿ ‘ಚ’ಕಾರವೇ ಇದ್ದುದರಿಂದ ಇಂಗ್ಲಿಷಿನಲ್ಲಿ ಅದೇ ಉಳಿಯಿತು. ಕಾರು, ಕ್ಯಾರಿ, ಕಾರ್ಗೊ ಇವೆಲ್ಲ ಇದೇ ಮನೆತನದ ಪದಗಳು. ವ್ಯಂಗ್ಯಚಿತ್ರಕ್ಕೆ ಹೇಳುವ ಕ್ಯಾರಿಕೇಚರ್ ಕೂಡ ಇದರದೇ ದಾಯಾದಿ: ಮೂಗಿನ ಮೇಲೋ ಮೀಸೆಯ ಮೇಲೋ ಅತಿಯಾಗಿ ಹೇರಿ ಬರೆದ ಚಿತ್ರ.

ಈಗ ಕನ್ನಡದ ಕಡೆ ತಿರುಗಿ ನೋಡಿ. ನಾವು ತೆರಿಗೆಯನ್ನು ಏನು ಮಾಡುತ್ತೇವೆ? ಹೇರುತ್ತೇವೆ. ದಂಡವನ್ನೂ ಹೇರುತ್ತೇವೆ. ಆರೋಪವನ್ನು ಹೊರಿಸುತ್ತೇವೆ, ಹೊಣೆಯನ್ನು ಹೊರುತ್ತೇವೆ. ‘ಆರೋಪ’ ಎಂಬ ಸಂಸ್ಕೃತ ಪದದ ಮೂಲಾರ್ಥವೇ ಮೇಲಕ್ಕೇರಿಸುವುದು. ಇನ್‌ಚಾರ್ಜ್ ಮುಖ್ಯೋಪಾಧ್ಯಾಯರನ್ನು ಸರ್ಕಾರಿ ಪತ್ರಗಳಲ್ಲಿ ‘ಪ್ರಭಾರ’ ಎನ್ನುತ್ತಾರೆ, ಅದರೊಳಗೆ ಕುಳಿತಿರುವುದೂ ಭಾರವೇ. ಇನ್ನು ಬೆಳೆಸಾಲ ತೆಗೆದ ರೈತರ ಉತಾರದಲ್ಲಿ ಏರುವ ‘ಬೋಜಾ’ ನಮ್ಮ ಭಾಗದಲ್ಲಿ ಯಾರಿಗೆ ಗೊತ್ತಿಲ್ಲ? ಹಿಂದಿ-ಮರಾಠಿ ಕಡೆಯಿಂದ ಬಂದ ಆ ಪದದ ಅರ್ಥ ಹೊರೆ. ಸಾಲಕ್ಕಾಗಿ ಆಸ್ತಿಯ ಮೇಲೆ ಬೀಳುವ ಈ ಹೊರೆಗೆ ಇಂಗ್ಲಿಷ್ ಕಾನೂನಿನ ಪದವೂ ಚಾರ್ಜ್. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 100ನೆಯ ಕಲಮು ಇದನ್ನು ಈ ಹೆಸರಿನಲ್ಲೇ ವಿವರಿಸುತ್ತದೆ. ಎರಡು ಭಾಷೆಗಳು ಒಂದನ್ನೊಂದು ನೋಡದೆ ಒಂದೇ ಚಕ್ಕಡಿಯನ್ನು ಕಟ್ಟಿಕೊಂಡಿವೆ.

ಹೀಗೆ ಮೂಲ ಚಿತ್ರ ಹಿಡಿದು ಕಲಿಯುವುದು ಬರೀ ಮೋಜಿನ ಮಾತಲ್ಲ. ಬೆಲ್ಜಿಯಂನ ಭಾಷಾವಿಜ್ಞಾನಿ ಫ್ರಾಂಕ್ ಬೋಯರ್ಸ್ ಮತ್ತು ಸಂಗಡಿಗರು ಇಂಗ್ಲಿಷ್ ನುಡಿಗಟ್ಟುಗಳ ಮೇಲೆ ನಡೆಸಿದ ಅಧ್ಯಯನಗಳಲ್ಲಿ, ನುಡಿಗಟ್ಟು ಎಲ್ಲಿಂದ ಬಂತೆಂದು ತಿಳಿದು ಕಲಿತವರ ನೆನಪು ಹೆಚ್ಚು ಗಟ್ಟಿಯಾಗಿತ್ತು. ಅರ್ಥದ ಜೊತೆಗೆ ಒಂದು ಚಿತ್ರವೂ ಸಿಕ್ಕಾಗ, ನೆನಪನ್ನು ಎಳೆದು ತರಲು ಮನಸ್ಸಿಗೆ ಎರಡು ಹಗ್ಗ ದೊರೆತಂತೆ.

ಆದರೆ ಅರ್ಥ ತಿಳಿದರೆ ಅರ್ಧ ಕೆಲಸ ಮಾತ್ರ ಆಯಿತು. ಪದ ಯಾರ ಜೊತೆ ಓಡಾಡುತ್ತದೆ ಎಂಬುದು ಉಳಿದ ಅರ್ಧ. ಪದವನ್ನು ಅದರ ಸಹವಾಸದಿಂದ ಅರಿಯಬೇಕು ಎಂದು 1957ರಲ್ಲಿ ಬರೆದ ಬ್ರಿಟಿಷ್ ಭಾಷಾವಿಜ್ಞಾನಿ ಜೆ. ಆರ್. ಫರ್ತ್ 1920ರ ದಶಕದಲ್ಲಿ ಲಾಹೋರಿನಲ್ಲಿ ಇಂಗ್ಲಿಷ್ ಕಲಿಸಿದವರು. ಅವರ ದಾರಿಯಲ್ಲೇ ನಡೆದ ಜಾನ್ ಸಿಂಕ್ಲೇರ್ 1987ರಲ್ಲಿ ಹೊರತಂದ ಕೋಬಿಲ್ಡ್ ನಿಘಂಟು, ನಿಜವಾದ ಬರಹಗಳ ದೊಡ್ಡ ಕಣಜವನ್ನು ಕಂಪ್ಯೂಟರಿನಲ್ಲಿ ಜಾಲಾಡಿ ತಯಾರಾದದ್ದು. ಅರ್ಥವನ್ನು ಪೂರ್ತಿ ವಾಕ್ಯದಲ್ಲೇ ಹೇಳುವುದು ಅದರ ವಿಶೇಷ. ಕಲಿಯುವವರಿಗೆ ಇಂಥ ನಿಘಂಟು ಕೊಡುವಷ್ಟನ್ನು ಸಮಾನಪದಗಳ ಪಟ್ಟಿ ಕೊಡಲಾರದು. ಧಾರವಾಡದ ಸೀಮೆಯಲ್ಲಿ ಬಾಳಿ ಕನ್ನಡ ಕಲಿತ ಕಿಟ್ಟೆಲ್ ಅವರ 1894ರ ನಿಘಂಟಿನಲ್ಲೂ ಗಾದೆಗಳು, ಬಳಕೆಯ ಮಾತುಗಳು ಪದದ ಪಕ್ಕದಲ್ಲೇ ಇವೆ.

ಚಾರ್ಜ್ ಪದದ ಸಹವಾಸದಲ್ಲಿ ಹೆಚ್ಚು ತಪ್ಪಾಗುವುದು ‘ವಿತ್’ ಬರುವ ಜಾಗದಲ್ಲಿ. ‘ಪೊಲೀಸರು ಅವನ ಮೇಲೆ ಕಳ್ಳತನದ ಆರೋಪ ಹೊರಿಸಿದರು’ ಎಂಬುದಕ್ಕೆ ಸರಿಯಾದ ಇಂಗ್ಲಿಷ್ ‘ದಿ ಪೊಲೀಸ್ ಚಾರ್ಜ್ಡ್ ಹಿಮ್ ವಿತ್ ಥೆಫ್ಟ್’. ಬಹಳ ಜನ ‘ಚಾರ್ಜ್ಡ್ ಆಫ್ ಥೆಫ್ಟ್’ ಎಂದು ಬರೆಯುತ್ತಾರೆ. ‘ಅಕ್ಯೂಸ್ಡ್ ಆಫ್’ ಎಂಬುದನ್ನು ಮೊದಲೇ ಕಲಿತಿರುವುದರಿಂದ ಆ ‘ಆಫ್’ ಇಲ್ಲಿಗೂ ಹರಿದು ಬರುತ್ತದೆ. ಚಕ್ಕಡಿಯನ್ನು ನೆನಪಿಗೆ ತಂದುಕೊಂಡರೆ ಗೊಂದಲ ಕರಗುತ್ತದೆ. ಇಂಗ್ಲಿಷಿನಲ್ಲಿ ‘ಲೋಡ್ ದಿ ಕಾರ್ಟ್ ವಿತ್ ಹೇ’ ಎಂದರೆ ಚಕ್ಕಡಿಯ ತುಂಬ ಹುಲ್ಲು ಹೇರು. ಚಕ್ಕಡಿ ನೇರ ಕರ್ಮ, ಹುಲ್ಲು ‘ವಿತ್’ನ ಹಿಂದೆ. ಆರೋಪದ ವಾಕ್ಯದಲ್ಲಿ ಮನುಷ್ಯನೇ ಚಕ್ಕಡಿ, ಕಳ್ಳತನವೇ ಹುಲ್ಲು. ಕನ್ನಡದಲ್ಲಿ ‘ಅವನ ಮೇಲೆ’ ಎಂದು ಸಪ್ತಮಿ ಹಾಕುವುದರಿಂದ ಇಂಗ್ಲಿಷಿನಲ್ಲೂ ‘ಆನ್ ಹಿಮ್’ ಬರೆಯಲು ಕೈ ಹೋಗುತ್ತದೆ. ಅಲ್ಲಿಯೇ ತಡೆಯಬೇಕು. ನಾಮಪದವಾದಾಗ ಮಾತ್ರ ಜೊತೆಗಾರ ಬದಲಾಗುತ್ತದೆ: ‘ದಿ ಚಾರ್ಜ್ ಅಗೇನ್‌ಸ್ಟ್ ಹಿಮ್’.

ಇಲ್ಲೇ ಒಂದು ಕಾನೂನಿನ ಸೂಕ್ಷ್ಮವನ್ನೂ ಗಮನಿಸಬೇಕು. ನಮ್ಮಲ್ಲಿ ಚಾರ್ಜ್‌ಶೀಟ್ ಎಂದರೆ ತನಿಖೆ ಮುಗಿಸಿ ಪೊಲೀಸರು ನ್ಯಾಯಾಲಯಕ್ಕೆ ಸಲ್ಲಿಸುವ ವರದಿ. ಅದಾದ ಮೇಲೆ ನ್ಯಾಯಾಧೀಶರು ಆರೋಪ ನಿಗದಿ ಮಾಡುವುದು ಬೇರೆ ಹಂತ, ಅದಕ್ಕೆ ‘ಫ್ರೇಮಿಂಗ್ ಆಫ್ ಚಾರ್ಜಸ್’ ಎನ್ನುತ್ತಾರೆ. ಇಂಗ್ಲಿಷ್ ಪತ್ರಿಕೆ ಓದುವಾಗ ಎರಡನ್ನೂ ಒಂದೇ ಎಂದುಕೊಂಡರೆ ಸುದ್ದಿಯೇ ತಪ್ಪಾಗಿ ಅರ್ಥವಾಗುತ್ತದೆ.

ದುಡ್ಡಿನ ಅರ್ಥದಲ್ಲಿ ಜೊತೆಗಾರ ‘ಫಾರ್’. ‘ಹಿ ಚಾರ್ಜ್ಡ್ ಮಿ ಹಂಡ್ರೆಡ್ ರುಪೀಸ್ ಫಾರ್ ದಿ ರಿಪೇರ್’: ಯಾರ ಮೇಲೆ, ಎಷ್ಟು, ಯಾವುದಕ್ಕೆ ಎಂಬ ಮೂರೂ ಈ ಕ್ರಮದಲ್ಲೇ ಬರಬೇಕು. ನಡುವೆ ‘ಟು ಮಿ’ ಬೇಡ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಲಾರಿಗೆ ಏರಿಸಿದ್ದಕ್ಕೆ ಕೊಡುವ ಹಮಾಲಿಯನ್ನು ‘ಲೋಡಿಂಗ್ ಚಾರ್ಜ್’ ಎನ್ನುವುದು ಸರಿಯಾದ ಇಂಗ್ಲಿಷ್, ಏಕೆಂದರೆ ಅದು ಮಾಡಿದ ಸೇವೆಗೆ ತೆರುವ ಹಣ. ಆದರೆ ಬಸ್ಸಿನ ದರ ‘ಫೇರ್’. ಕಾಲೇಜಿಗೆ, ಡಾಕ್ಟರಿಗೆ, ವಕೀಲರಿಗೆ ಕೊಡುವುದು ‘ಫೀ’. ಮನೆಗೆ ‘ರೆಂಟ್’. ಅಂಗಡಿಯ ಸಾಮಾನಿಗೆ ‘ಪ್ರೈಸ್’. ಹಳೇ ಬಸ್ ನಿಲ್ದಾಣದಲ್ಲಿ ‘ಬಸ್ ಚಾರ್ಜ್’ ಎಂದರೆ ಎಲ್ಲರಿಗೂ ತಿಳಿಯುತ್ತದೆ, ಅದು ಕನ್ನಡದ ಮಾತಾಗಿ ಪೂರ್ತಿ ಸರಿ. ಇಂಗ್ಲಿಷ್ ಅರ್ಜಿಯಲ್ಲಿ ಮಾತ್ರ ‘ಬಸ್ ಫೇರ್’ ಎಂದೇ ಬರೆಯಿರಿ.

ಈ ಐದು ಪದಗಳನ್ನು ಒಂದೇ ದಿನ ಒಂದೇ ಪುಟದಲ್ಲಿ ಕಲಿಯಬೇಡಿ. ಅರ್ಥದಲ್ಲಿ ಹತ್ತಿರವಿರುವ ಹೊಸ ಪದಗಳನ್ನು ಒಟ್ಟಿಗೆ ಕಲಿತರೆ ಒಂದರ ಮೇಲೊಂದು ಬಿದ್ದು ಕಲಿಕೆ ನಿಧಾನವಾಗುತ್ತದೆ ಎಂದು 1993ರಲ್ಲಿ ಥಾಮಸ್ ಟಿಂಕಮ್, 1997ರಲ್ಲಿ ರಾಬ್ ವೇರಿಂಗ್ ಪ್ರಯೋಗಗಳಿಂದ ತೋರಿಸಿದ್ದಾರೆ. ನಮ್ಮ ಪಠ್ಯಗಳು ಪದಗಳನ್ನು ಗುಂಪು ಕಟ್ಟಿ ಕೊಡುವ ಪದ್ಧತಿ ನೋಡಲು ಅಚ್ಚುಕಟ್ಟು, ಕಲಿಕೆಗೆ ಅಡ್ಡಿ. ಒಂದು ಪದ ಗಟ್ಟಿಯಾದ ಮೇಲೆ, ಒಂದು ವಾರ ಬಿಟ್ಟು ಮುಂದಿನದಕ್ಕೆ ಹೋಗುವುದು ಒಳ್ಳೆಯದು.

ಹೊಣೆಯ ಅರ್ಥದಲ್ಲಿ ಒಂದು ಪುಟ್ಟ ‘ದಿ’ ಇಡೀ ವಾಕ್ಯವನ್ನು ತಿರುವಿಹಾಕುತ್ತದೆ. ‘ದಿ ಟೀಚರ್ ಈಸ್ ಇನ್ ಚಾರ್ಜ್ ಆಫ್ ದಿ ಚಿಲ್ಡ್ರನ್’ ಎಂದರೆ ಮಕ್ಕಳ ಹೊಣೆ ಶಿಕ್ಷಕಿಯದು. ‘ದಿ ಚಿಲ್ಡ್ರನ್ ಆರ್ ಇನ್ ದಿ ಚಾರ್ಜ್ ಆಫ್ ದಿ ಟೀಚರ್’ ಎಂದರೂ ಹೊಣೆ ಶಿಕ್ಷಕಿಯದೇ, ಆದರೆ ವಾಕ್ಯದ ಮೊದಲಿಗೆ ಬಂದವರು ಮಕ್ಕಳು. ‘ದಿ’ ಇಲ್ಲದಿದ್ದರೆ ಮೊದಲು ಬಂದವರು ಹೊರುವವರು, ಇದ್ದರೆ ಮೊದಲು ಬಂದವರು ಹೊರೆ. ‘ಹಿ ಈಸ್ ದಿ ಇನ್‌ಚಾರ್ಜ್’ ಎಂದು ಅದನ್ನು ಹುದ್ದೆಯ ಹೆಸರಿನಂತೆ ಬಳಸುವುದು ಭಾರತದ ಇಂಗ್ಲಿಷಿನ ರೂಢಿ. ಹೊರದೇಶದವರಿಗೆ ಬರೆಯುವಾಗ ‘ಹಿ ಈಸ್ ಇನ್ ಚಾರ್ಜ್’ ಸಾಕು.

ದಾಳಿಯ ಅರ್ಥ ಆಯುಧದ ಹಾದಿಯಿಂದ ಬಂದಂತೆ ಕಾಣುತ್ತದೆ. ಕೋವಿಗೆ ಮದ್ದು ತುಂಬುವುದೂ ಚಾರ್ಜ್, ಕುದುರೆ ಸವಾರ ಈಟಿಯನ್ನು ತಿವಿಯಲು ಸಜ್ಜಾಗಿ ಹಿಡಿಯುವುದೂ ಚಾರ್ಜ್. ಹಾಗೆ ಸಜ್ಜಾದವನು ನುಗ್ಗುವುದಕ್ಕೂ ಅದೇ ಪದ ನಿಂತಿತು. ಇಲ್ಲಿ ಜೊತೆಗಾರ ‘ಅಟ್’: ‘ದಿ ಬುಲ್ ಚಾರ್ಜ್ಡ್ ಅಟ್ ಹಿಮ್’, ಹೋರಿ ಅವನ ಮೇಲೆ ಎರಗಿತು. ಹಾವೇರಿಯ ಹೋರಿ ಬೆದರಿಸುವ ಸ್ಪರ್ಧೆಯನ್ನು ಇಂಗ್ಲಿಷಿನಲ್ಲಿ ವರ್ಣಿಸಲು ಇದಕ್ಕಿಂತ ತಕ್ಕ ಕ್ರಿಯಾಪದವಿಲ್ಲ.

ವಿಜ್ಞಾನಕ್ಕೆ ಈ ಪದ ಬಂದದ್ದೂ ಮದ್ದಿನ ಮನೆಯಿಂದಲೇ. 1745-46ರಲ್ಲಿ ಲೈಡನ್ ಜಾಡಿ ಎಂಬ ವಿದ್ಯುತ್ ಕೂಡಿಡುವ ಗಾಜಿನ ಪಾತ್ರೆ ಬಂತು. ಅದರ ಮೇಲೆ ಪ್ರಯೋಗ ಮಾಡಿದ ಬೆಂಜಮಿನ್ ಫ್ರಾಂಕ್ಲಿನ್ 1740ರ ದಶಕದ ಕೊನೆಯ ಪತ್ರಗಳಲ್ಲಿ, ಜಾಡಿಗೆ ವಿದ್ಯುತ್ ತುಂಬುವುದನ್ನು ಚಾರ್ಜ್ ಎಂದೂ, ಹಲವು ಸಾಧನಗಳನ್ನು ಜೋಡಿಸಿದ ಸಾಲನ್ನು ಫಿರಂಗಿ ಸಾಲಿನ ಹೆಸರಾದ ಬ್ಯಾಟರಿ ಎಂದೂ ಕರೆದರು. ನಮ್ಮ ಪಠ್ಯಪುಸ್ತಕಗಳು ಹೊರೆಯ ಚಿತ್ರವನ್ನು ಬಿಟ್ಟು ‘ವಿದ್ಯುದಾವೇಶ’ ಎಂದವು. ಆವೇಶ ಎಂದರೆ ಒಳಹೊಕ್ಕುವುದು, ಮೈಮೇಲೆ ಬರುವುದು. ಅದೂ ಸೊಗಸಾದ ಪದವೇ.

ಚಕ್ಕಡಿಯ ಚಿತ್ರ ಕೈಕೊಡುವುದು ಮೊಬೈಲ್ ಬ್ಯಾಟರಿಯಲ್ಲಿ. ಚಾರ್ಜಿಗೆ ಹಾಕಿದಾಗ ಬ್ಯಾಟರಿಯೊಳಗೆ ವಿದ್ಯುದಾವೇಶ ಬಂದು ತುಂಬಿಕೊಳ್ಳುತ್ತದೆ ಎಂದೇ ಪದ ಹೇಳುತ್ತದೆ. ನಡೆಯುವುದು ಬೇರೆ. ಎಷ್ಟು ಎಲೆಕ್ಟ್ರಾನುಗಳು ಒಂದು ತುದಿಯಿಂದ ಒಳಹೋಗುತ್ತವೋ ಅಷ್ಟೇ ಇನ್ನೊಂದು ತುದಿಯಿಂದ ಹೊರಬರುತ್ತವೆ. ಒಳಗೆ ಲೀಥಿಯಂ ಅಯಾನುಗಳು ಒಂದು ಪದರದಿಂದ ಇನ್ನೊಂದಕ್ಕೆ ಸರಿಯುತ್ತವೆ. ಒಟ್ಟು ಆವೇಶ ಖಾಲಿ ಇದ್ದಾಗಲೂ ಸೊನ್ನೆ, ನೂರಕ್ಕೆ ನೂರು ತೋರಿಸಿದಾಗಲೂ ಸೊನ್ನೆ. ಹೆಚ್ಚಾಗುವುದು ಶಕ್ತಿ ಮಾತ್ರ, ನೀರನ್ನು ಎತ್ತಿ ಮೇಲಿನ ಟಾಕಿಗೆ ಏರಿಸಿದಂತೆ. 5000 ಎಂಎಎಚ್ ಬ್ಯಾಟರಿ ಎಂದರೆ 5 ಆಂಪಿಯರ್ ಪ್ರವಾಹ ಒಂದು ತಾಸು ಹರಿಯುವಷ್ಟು, ಅಂದರೆ 18,000 ಕೂಲಂಬ್ ಆವೇಶ ಅದರ ಮೂಲಕ ದಾಟುತ್ತದೆ. ಶಕ್ತಿಯ ಲೆಕ್ಕದಲ್ಲಿ ಅದು ಸುಮಾರು 19 ವ್ಯಾಟ್-ಅವರ್. ಒಂದು ಯೂನಿಟ್ ಎಂದರೆ 1000 ವ್ಯಾಟ್-ಅವರ್, ಹಾಗಾಗಿ ಚಾರ್ಜರಿನಲ್ಲಿ ಬಿಸಿಯಾಗಿ ಹೋಗುವುದನ್ನು ಕಳೆದರೂ ಒಂದು ಯೂನಿಟ್ಟಿನಲ್ಲಿ ಇಂಥ ಫೋನನ್ನು ಸುಮಾರು 40 ಸಲ ತುಂಬಬಹುದು. ಕರೆಂಟ್ ಬಿಲ್ಲಿನ ‘ಎನರ್ಜಿ ಚಾರ್ಜ್’ ಈ ಯೂನಿಟ್ಟುಗಳ ಹಣ, ‘ಫಿಕ್ಸೆಡ್ ಚಾರ್ಜ್’ ಮನೆಗೆ ಮಂಜೂರಾದ ಲೋಡಿನ ಮೇಲಿನ ಹಣ. ಒಂದೇ ಬಿಲ್ಲಿನಲ್ಲಿ ವಿದ್ಯುತ್ತೂ ಇದೆ, ಚಾರ್ಜೂ ಇದೆ, ಆದರೆ ಎರಡೂ ಚಾರ್ಜುಗಳು ರೂಪಾಯಿಯವು.

ಮಾತಿನಲ್ಲಿ ‘ಮೈ ಚಾರ್ಜ್ ಈಸ್ ಓವರ್’ ಎನ್ನಬೇಡಿ. ‘ಮೈ ಫೋನ್ ಈಸ್ ಔಟ್ ಆಫ್ ಚಾರ್ಜ್’ ಅಥವಾ ‘ದಿ ಬ್ಯಾಟರಿ ಈಸ್ ಡೆಡ್’ ಎನ್ನಿ. ಉಚ್ಚಾರದಲ್ಲೂ ಒಂದು ಎಡವು ಇದೆ: ‘ಚಾರ್ಜ್ಡ್’ ಒಂದೇ ಉಸಿರಿನ ಪದ, ‘ಚಾರ್ಜೆಡ್’ ಅಲ್ಲ. ‘ಎ’ಕಾರ ಬರುವುದು ಟ್ ಅಥವಾ ಡ್ ಧ್ವನಿಯ ಮೇಲೆ ಮಾತ್ರ: ‘ವಾಂಟೆಡ್’, ‘ಲೋಡೆಡ್’.

ಇನ್ನು ರೂಢಿಗೆ ತರುವ ಬಗೆ. ಅಂಗೈ ಅಗಲದ ರಟ್ಟಿನ ಚೀಟಿಗಳು ಸಾಕು. ಮುಂದೆ ಕನ್ನಡ ವಾಕ್ಯ, ಹಿಂದೆ ಇಂಗ್ಲಿಷ್ ವಾಕ್ಯ. ಇಂಗ್ಲಿಷಿನಲ್ಲಿ ಬಿಟ್ಟ ಸ್ಥಳ ಇಡಬೇಕಾದ್ದು ಚಾರ್ಜ್ ಪದಕ್ಕಲ್ಲ, ಅದರ ಜೊತೆಗಾರನಿಗೆ: ವಿತ್, ಫಾರ್, ಅಟ್, ಆಫ್. ತಪ್ಪುವುದು ಅಲ್ಲಿಯೇ ಆದ್ದರಿಂದ ಪರೀಕ್ಷೆಯೂ ಅಲ್ಲಿಯೇ ನಡೆಯಬೇಕು. ದಿನಕ್ಕೆ ಒಂದೇ ಅರ್ಥ, ಅದಕ್ಕೆ ಮೂರು ವಾಕ್ಯ, ಮೂರೂ ನಿಮ್ಮ ಊರಿನವು. ಮರುದಿನ ಒಮ್ಮೆ, ಮೂರನೆಯ ದಿನ, ಏಳನೆಯ ದಿನ, ಇಪ್ಪತ್ತೊಂದನೆಯ ದಿನ ಚೀಟಿ ತಿರುವದೆ ಉತ್ತರ ಬರೆದು ನೋಡಿ. ತಪ್ಪಿದ ಚೀಟಿ ಮತ್ತೆ ಮರುದಿನದ ಕಟ್ಟಿಗೆ ಬರಲಿ. ಬಿಡುವು ಕೊಟ್ಟು ಓದಿದರೆ ನೆನಪು ಹೆಚ್ಚು ಉಳಿಯುತ್ತದೆ ಎಂಬುದನ್ನು ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆಯೇ ಪ್ರಯೋಗಿಸಿ ಬರೆದರು. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಕಂಡದ್ದು ಇನ್ನೂ ಉಪಯುಕ್ತ: ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು, ವಾರದ ನಂತರ ಕೇಳಿದಾಗ ತಮ್ಮನ್ನು ತಾವೇ ಪರೀಕ್ಷಿಸಿಕೊಂಡವರು ಮುಂದಿದ್ದರು. ಪುಸ್ತಕ ತೆರೆದು ಓದುವಾಗ ಎಲ್ಲ ಬಂದಂತೆ ಅನ್ನಿಸುವುದು ಆ ಐದು ನಿಮಿಷದ ಭರವಸೆ.

ಇಪ್ಪತ್ತೊಂದನೆಯ ದಿನ ಹೊಸ ಚೀಟಿ ಒಂದನ್ನು ಸೇರಿಸಿ: ಡಿಸ್ಚಾರ್ಜ್. ನಿಘಂಟು ನೋಡದೆ ಚಕ್ಕಡಿಯಿಂದ ಹೇರು ಇಳಿಸುವುದನ್ನಷ್ಟೇ ನೆನೆದು ಅರ್ಥ ಊಹಿಸಿ. ಆಸ್ಪತ್ರೆಯಿಂದ ಮನೆಗೆ ಬಿಡುವುದು, ಬ್ಯಾಟರಿ ಇಳಿಯುವುದು, ತುಂಗಭದ್ರೆಯಲ್ಲಿ ಇಷ್ಟು ಕ್ಯೂಸೆಕ್ ಎಂದು ಅಳೆಯುವ ಹರಿವು, ಎಲ್ಲವೂ ಅದೇ. ‘ದಿ ಲೋನ್ ಹ್ಯಾಸ್ ಬೀನ್ ಡಿಸ್ಚಾರ್ಜ್ಡ್’ ಎಂದು ಬ್ಯಾಂಕಿನವರು ಬರೆದುಕೊಟ್ಟರೆ, ಆ ಪತ್ರ ಹಿಡಿದು ಹೋಗಿ ಉತಾರದ ಬೋಜಾ ಕಮ್ಮಿ ಮಾಡಿಸಬಹುದು.