ಒಂದೇ ಅಕ್ಷರ ತಾನೇ ಬದಲಾಗಿರೋದು?

ತಲಸ್ಸೀಮಿಯಾ ಅಂದರೆ ಹಿಮೋಗ್ಲೋಬಿನ್ ಸಾಕಷ್ಟು ತಯಾರಾಗದ ರಕ್ತದ ಕಾಯಿಲೆ. ಅದರ ಜೀನ್ ರಿಪೋರ್ಟ್ ಹಿಡಿದು ಬರುವ ತಂದೆತಾಯಿ ಹೆಚ್ಚಾಗಿ ಕೇಳುವುದು ಇದನ್ನೇ: ಬದಲಾಗಿರುವುದು ಒಂದೇ ಅಕ್ಷರ ಅಲ್ವಾ, ಅಷ್ಟಕ್ಕೇ ಮಗುವಿಗೆ ತಿಂಗಳು ತಿಂಗಳು ರಕ್ತ ಹಾಕಿಸಬೇಕಾ? ನ್ಯಾಯವಾದ ಪ್ರಶ್ನೆ. ಎಷ್ಟು ಅಕ್ಷರ ಹೋಯಿತು ಅನ್ನುವುದಕ್ಕಿಂತ ಯಾವ ಜಾಗದಲ್ಲಿ ಹೋಯಿತು, ಅಲ್ಲಿ ರೈಬೋಸೋಮ್ (ಜೀವಕೋಶದಲ್ಲಿ ಪ್ರೊಟೀನ್ ಕಟ್ಟುವ ಯಂತ್ರ) ಏನು ಓದುತ್ತದೆ ಅನ್ನುವುದೇ ಮುಖ್ಯ.

ರೈಬೋಸೋಮ್ ಎಂಆರ್‌ಎನ್‌ಎಯನ್ನು (ಎ, ಯು, ಜಿ, ಸಿ ಅನ್ನುವ ನಾಲ್ಕು ಅಕ್ಷರಗಳಲ್ಲಿರುವ ಜೀನಿನ ನಕಲು) ಮೂರು ಮೂರು ಅಕ್ಷರವಾಗಿ ಓದುತ್ತದೆ. ಆ ಮೂರರ ಗುಂಪೇ ಕೋಡಾನ್. ಒಂದೊಂದು ಕೋಡಾನಿಗೆ ಒಂದೊಂದು ಅಮೈನೋ ಆಮ್ಲ (ಪ್ರೊಟೀನಿನ ಒಂದು ಘಟಕ) ಜೋಡಿಸುತ್ತಾ ಹೋಗಿ, ಸ್ಟಾಪ್ ಕೋಡಾನ್ ಸಿಕ್ಕ ಕಡೆ ಕೆಲಸ ನಿಲ್ಲಿಸುತ್ತದೆ. ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯಲ್ಲಿ ಇಂಥ 146 ಅಮೈನೋ ಆಮ್ಲಗಳಿವೆ.

ಅದರ 6ನೇ ಕೋಡಾನ್ ನೋಡಿ. ಮಾಮೂಲಿಗೆ ಜಿಎಜಿ, ಅಂದರೆ ಗ್ಲುಟಾಮಿಕ್ ಆಮ್ಲ. ಕೊನೆಯ ಜಿ ಹೋಗಿ ಎ ಬಂದರೆ ಪ್ರೊಟೀನ್ ಬದಲಾಗುವುದಿಲ್ಲ, ಯಾಕೆಂದರೆ ಜಿಎಎ ಕೂಡ ಅದೇ ಆಮ್ಲಕ್ಕೆ. ನಡುವಿನ ಎ ಜಾಗಕ್ಕೆ ಯು ಬಂದರೆ ವ್ಯಾಲೀನ್ ಬಂದು ಕೂರುತ್ತದೆ. ಅದೇ ಸಿಕಲ್ ಸೆಲ್, ಅಂದರೆ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ ಕಾಯಿಲೆ. ಮೊದಲ ಜಿ ಜಾಗಕ್ಕೆ ಎ ಬಂದರೆ ಲೈಸೀನ್; ಅದು ಪಶ್ಚಿಮ ಆಫ್ರಿಕಾದಲ್ಲಿ ಜಾಸ್ತಿ ಕಾಣುವ ಹಿಮೋಗ್ಲೋಬಿನ್ ಸಿ, ಸಿಕಲ್ ಸೆಲ್‌ನಷ್ಟು ಕಾಡುವುದಿಲ್ಲ. ಒಂದೇ ಕೋಡಾನ್, ಮೂರು ಥರದ ಬದುಕು!

ತಲಸ್ಸೀಮಿಯಾದ ಕಥೆ ಬೇರೆ. ನಮ್ಮ ದೇಶದಲ್ಲಿ ಕಾಣುವ ಒಂದು ಬದಲಾವಣೆಯಲ್ಲಿ 15ನೇ ಕೋಡಾನ್ ಯುಜಿಜಿ ಇದ್ದದ್ದು ಯುಎಜಿ ಆಗುತ್ತದೆ. ಅದು ಸ್ಟಾಪ್. 146 ಜೋಡಿಸಬೇಕಾದ ಕಡೆ 14ಕ್ಕೇ ಮುಗಿಯಿತು.  ಇನ್ನೊಂದರಲ್ಲಿ 8 ಮತ್ತು 9ನೇ ಕೋಡಾನ್ ನಡುವೆ ಒಂದು ಜಿ ಹೆಚ್ಚಿಗೆ ಸೇರಿರುತ್ತದೆ. ಅಲ್ಲಿಂದ ಮುಂದೆ ಮೂರರ ಲೆಕ್ಕವೇ ತಪ್ಪಿ ಪ್ರತಿ ಕೋಡಾನೂ ಬೇರೆಯಾಗಿ ಓದಿಕೊಂಡು, ಸ್ವಲ್ಪ ದೂರದಲ್ಲೇ ಸ್ಟಾಪ್ ಎದುರಾಗುತ್ತದೆ. ಭಾರತದಲ್ಲಿ ಅತಿ ಹೆಚ್ಚು ಕಾಣುವ ಐವಿಎಸ್ 1-5 ಅನ್ನುವ ಬದಲಾವಣೆ ಮಾತ್ರ ರೈಬೋಸೋಮ್ ಓದುವ ಭಾಗದಲ್ಲೇ ಇಲ್ಲ. ಅದು ಇಂಟ್ರಾನ್‌ನಲ್ಲಿದೆ. ಇಂಟ್ರಾನ್ ಅಂದರೆ ರೈಬೋಸೋಮ್ ಓದುವ ಮುಂಚೆ ನಕಲಿನಿಂದ ಕತ್ತರಿಸಿ ತೆಗೆಯುವ ಭಾಗ. ಹಾಗೆ ಕತ್ತರಿಸಿ ಜೋಡಿಸುವ ಹಂತವೇ ಕೆಟ್ಟು, ಓದಲು ಸರಿಯಾದ ಎಂಆರ್‌ಎನ್‌ಎ ತುಂಬಾ ಕಡಿಮೆ ಉಳಿಯುತ್ತದೆ.

ರಿಪೋರ್ಟಿನಲ್ಲಿ 6ರ ಬದಲು 7, 15ರ ಬದಲು 16 ಅಂತಿದ್ದರೆ ಗಾಬರಿ ಬೇಡ. ಹೊಸ ಪದ್ಧತಿಯಲ್ಲಿ ಶುರುವಿನ ಮೆಥಿಯೋನಿನ್ ಕೂಡ ಲೆಕ್ಕಕ್ಕೆ ಬರುತ್ತದೆ, ಅಷ್ಟೇ.

ಈ ಜೀನಿನ ಒಂದು ಪ್ರತಿ ತಾಯಿಯಿಂದ, ಒಂದು ತಂದೆಯಿಂದ ಬರುತ್ತದೆ. ಒಂದು ಪ್ರತಿ ಮಾತ್ರ ಹೀಗಿದ್ದರೆ ಇನ್ನೊಂದು ಪ್ರತಿ ಕೆಲಸ ನಡೆಸಿಕೊಂಡು ಹೋಗುತ್ತದೆ, ವಾಹಕ ಅನ್ನಿಸಿಕೊಳ್ಳುವ ಆ ವ್ಯಕ್ತಿ ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಅದಕ್ಕೇ ಗೊತ್ತೇ ಆಗುವುದಿಲ್ಲ. ಗರ್ಭಿಣಿಗೆ ಎಚ್‌ಬಿಎ2 (ವಾಹಕರಲ್ಲಿ ಹೆಚ್ಚಾಗಿರುವ ಹಿಮೋಗ್ಲೋಬಿನ್ನಿನ ಒಂದು ಬಗೆ) ಶೇ 3.5ಕ್ಕಿಂತ ಜಾಸ್ತಿ ಬಂದರೆ ದಯವಿಟ್ಟು ಗಂಡನ ರಕ್ತವನ್ನೂ ತಡಮಾಡದೆ ಪರೀಕ್ಷೆ ಮಾಡಿಸಿ. ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ತಲಸ್ಸೀಮಿಯಾ ಬರುವ ಸಾಧ್ಯತೆ ಶೇ 25.