ಕೈಮಗ್ಗದಲ್ಲಿ ಕಾಲಿನ ಪಾಲೆಷ್ಟು?

ಕೈಮಗ್ಗ ಅಂತ ಕರೆಯುತ್ತೇವೆ. ಆದರೆ ಮಗ್ಗದ ಅರ್ಧ ಕೆಲಸ ಮಾಡುವುದು ಕಾಲು. ಹೆಸರಿನಲ್ಲಿ ಕಾಲಿಗೆ ಜಾಗ ಸಿಕ್ಕಿಲ್ಲ. ಆದರೂ ಕೈಮಗ್ಗ ಅಂದರೆ ಯಾವುದು ಎಂಬ ಜಗಳ ಎದ್ದಾಗಲೆಲ್ಲ ಅದು ಸುತ್ತಿ ಸುತ್ತಿ ಬಂದು ನಿಲ್ಲುವುದು ಕಾಲಡಿಯ ಆ ಹಲಗೆಯ ಹತ್ತಿರವೇ. ಹಲಗೆ ತುಳಿಯುವ ಕೆಲಸವನ್ನು ಮೋಟಾರಿಗೆ ಕೊಟ್ಟರೆ ಅದು ಇನ್ನೂ ಕೈಮಗ್ಗವೇ? ಅದರ ಮೇಲೆ ನೇಯ್ದ ಸೀರೆ ಕೈಮಗ್ಗದ ಸೀರೆಯೇ? ಸಮಿತಿ, ಕೋರ್ಟು, ಸತ್ಯಾಗ್ರಹ ಎಲ್ಲ ಸೇರಿ ಈಗ ಈ ಪ್ರಶ್ನೆ ದಾರದ ಸಿಕ್ಕಿನ ಹಾಗಾಗಿದೆ. ಒಂದು ತುದಿ ಹಿಡಿದು ಬಿಡಿಸಿ ನೋಡೋಣ.

ಮೊದಲು ಮಗ್ಗವನ್ನೇ ನೋಡಬೇಕು. ಇಳಕಲ್ಲಿನ ಗುಂಡಿ ಮಗ್ಗ ನೋಡಿದ್ದೀರಾ? ನೆಲದಲ್ಲಿ ಒಂದು ಗುಂಡಿ. ಅದರ ಅಂಚಿಗೆ ಕೂತು ನೇಕಾರರು ಕಾಲು ಒಳಗೆ ಇಳಿಬಿಡುತ್ತಾರೆ. ಹಾಸು, ಅಂದರೆ ಉದ್ದಕ್ಕೆ ಬಿಗಿದ ನೂಲು, ನೆಲದ ಮಟ್ಟಕ್ಕೇ ಚಾಚಿಕೊಂಡಿರುತ್ತದೆ. ನೆಲದ ತಂಪಿಗೆ ನೂಲು ಒಣಗುವುದು ಕಡಿಮೆ, ಹರಿಯುವುದೂ ಕಡಿಮೆ. ಗುಂಡಿಯ ತಳದಲ್ಲಿ ಎರಡು ಹಲಗೆ. ಒಂದೊಂದರ ಒಂದು ತುದಿ ಕೀಲಿಗೆ, ಇನ್ನೊಂದು ತುದಿ ಹಗ್ಗಕ್ಕೆ. ಹಗ್ಗದ ಮೇಲ್ತುದಿಯಲ್ಲಿ ಹಾಸಿನ ಎಳೆಗಳನ್ನು ಹಿಡಿದ ದಾರದ ಕುಣಿಕೆಗಳ ಚೌಕಟ್ಟು. ಎಡಗಾಲು ಒತ್ತಿದರೆ ಒಂದು ಚೌಕಟ್ಟು ಕೆಳಗಿಳಿಯುತ್ತದೆ, ಮೇಲಿನ ರಾಟೆಯ ಸಹಾಯದಿಂದ ಇನ್ನೊಂದು ಮೇಲೇಳುತ್ತದೆ. ಎಳೆಗಳ ನಡುವೆ ಬಾಯಿ ತೆರೆಯುತ್ತದೆ. ಆ ಬಾಯೊಳಗೆ ಲಾಳಿ ಓಡಿ ಹೊಕ್ಕನ್ನು, ಅಂದರೆ ಅಡ್ಡ ನೂಲನ್ನು, ಎಳೆದಿಡುತ್ತದೆ. ಮರುಕ್ಷಣ ಅದನ್ನು ಕೂರಿಸಲು ಬಾಚಣಿಗೆಯಂಥ ಹಣಿಗೆಯ ಏಟು. ಆಮೇಲೆ ಬಲಗಾಲು. ಒಂದು ಸೀರೆಗೆ ಇದು ಎಷ್ಟು ಸಾವಿರ ಸಲ ಆಗುತ್ತದೋ ಎಣಿಸುವವರಿಲ್ಲ. ನಾನೊಮ್ಮೆ ಆಸೆಪಟ್ಟು ಕೂತಿದ್ದೆ. ಎರಡು ನಿಮಿಷಕ್ಕೇ ಎಡ ಬಲ ಕಲಸಿಹೋಗಿ, ಮಗ್ಗದ ಯಜಮಾನಿ ನಗುತ್ತಾ ಎಬ್ಬಿಸಿ ಕಳಿಸಿದರು.

ಅಂದರೆ ನೇಯ್ಗೆಯಲ್ಲಿ ಮುಖ್ಯ ಕೆಲಸ ಮೂರು. ಬಾಯಿ ತೆರೆಸುವುದು, ಲಾಳಿ ಓಡಿಸುವುದು, ಹೊಕ್ಕನ್ನು ಬಡಿದು ಕೂರಿಸುವುದು. ಮೊದಲನೆಯದು ಕಾಲಿನದು, ಉಳಿದೆರಡು ಕೈಯವು. ಇದಿಷ್ಟು ನೆನಪಿದ್ದರೆ ಸಾಕು, ಮುಂದಿನ ಜಗಳವೆಲ್ಲ ಸಲೀಸಾಗಿ ಅರ್ಥವಾಗುತ್ತದೆ.

1733ರಲ್ಲಿ ಇಂಗ್ಲೆಂಡಿನ ಜಾನ್ ಕೇ ಹಗ್ಗ ಎಳೆದು ಓಡಿಸುವ ಲಾಳಿ ತಂದ, ಮುಂದಿನ ಶತಮಾನದಲ್ಲಿ ಉಗಿ ಬಂತು, ಇಪ್ಪತ್ತನೇ ಶತಮಾನದ ಆರಂಭಕ್ಕೆ ಕೇಯ ಲಾಳಿ ನಮ್ಮ ಮಗ್ಗಗಳಿಗೂ ಹರಡಿತು, 1912ರಲ್ಲಿ ಮೈಸೂರು ಅರಸರ ರೇಷ್ಮೆ ಕಾರ್ಖಾನೆ ಶುರುವಾಯಿತು. ಇಷ್ಟೆಲ್ಲ ಆದರೂ ಗುಂಡಿಯೊಳಗಿನ ಕಾಲು ಅಲ್ಲೇ ಇತ್ತು.

ಸ್ವಾತಂತ್ರ್ಯ ಬಂದ ಮೇಲೆ ಸರಕಾರದ ಮನಸ್ಸು ಎರಡಾಯಿತು. ಮದ್ರಾಸಿನ ಮುಖ್ಯಮಂತ್ರಿಯಾಗಿದ್ದ ರಾಜಾಜಿ, ಸೀರೆ ಮತ್ತು ಧೋತರ ಕೈಮಗ್ಗಕ್ಕೇ ಬಿಟ್ಟುಕೊಡಿ ಎಂದು ಪಟ್ಟು ಹಿಡಿದರು. 1953ರಲ್ಲಿ ಗಿರಣಿ ಬಟ್ಟೆಯ ಮೇಲೆ ಹೆಚ್ಚುವರಿ ಸುಂಕ ಹಾಕಿ, ಆ ಹಣವನ್ನು ಖಾದಿ ಮತ್ತು ಕೈಮಗ್ಗಕ್ಕೆ ಕೊಡುವ ಕಾನೂನೂ ಬಂತು. ಮರುವರ್ಷವೇ ಕಾನುಂಗೋ ಸಮಿತಿ ಬೇರೆ ಮಾತಾಡಿತು. ಹಳೆ ಮಗ್ಗ ಬಾಳುವುದಿಲ್ಲ, ನಿಧಾನವಾಗಿ ಸುಧಾರಿತ ಮಗ್ಗಕ್ಕೂ ವಿದ್ಯುತ್ ಮಗ್ಗಕ್ಕೂ ಬದಲಾಯಿಸಿ ಎಂದಿತು. 1955ರ ಕರ್ವೆ ಸಮಿತಿ, ಉದ್ಯೋಗ ಉಳಿಯಲಿ, ಕೈಮಗ್ಗ ಕಾಪಾಡಿ ಎಂದಿತು. ಎರಡೂ ವರದಿ ಒಂದೇ ಕಪಾಟಿನಲ್ಲಿ ಕೂತವು. ಇತ್ತ ವಿದ್ಯುತ್ ಮಗ್ಗ ಯಾರ ಅಪ್ಪಣೆಗೂ ಕಾಯದೆ ಬೆಳೆಯಿತು. ನಮ್ಮಲ್ಲಿ ದೊಡ್ಡಬಳ್ಳಾಪುರ, ರಬಕವಿ-ಬನಹಟ್ಟಿಯ ಬೀದಿಗಳಲ್ಲಿ ನಡೆದರೆ ಸಾಕು, ಆ ಕಥೆ ಕಿವಿಗೇ ಕೇಳಿಸುತ್ತದೆ. 1974ರಲ್ಲಿ ಶಿವರಾಮನ್ ಸಮಿತಿ ಲೆಕ್ಕ ಹಾಕಿತು: ಒಂದು ವಿದ್ಯುತ್ ಮಗ್ಗ ಬಂದರೆ ಆರು ಕೈಮಗ್ಗ ನಿಲ್ಲುತ್ತವೆ.

1985ರಲ್ಲಿ ಮೀಸಲಾತಿ ಕಾಯ್ದೆ ಬಂತು. 22 ಬಗೆಯ ಬಟ್ಟೆ ಕೈಮಗ್ಗಕ್ಕೆ ಮೀಸಲು. ಅದರಲ್ಲಿ ಕೈಮಗ್ಗ ಅಂದರೇನು ಎಂಬುದಕ್ಕೆ ಉತ್ತರ ಒಂದೇ ಸಾಲು: ವಿದ್ಯುತ್ ಮಗ್ಗವಲ್ಲದ ಯಾವುದೇ ಮಗ್ಗ. ಸರಿ, ವಿದ್ಯುತ್ ಮಗ್ಗ ಅಂದರೇನು? ಅದಕ್ಕೆ 1948ರ ಕಾರ್ಖಾನೆ ಕಾಯ್ದೆ ತೆರೆಯಬೇಕಿತ್ತು. ಮನುಷ್ಯ ಅಥವಾ ಪ್ರಾಣಿಯಿಂದ ಹುಟ್ಟದ ಶಕ್ತಿಯಿಂದ ಓಡುವುದು ಎಂಬ ಅರ್ಥ ಅಲ್ಲಿತ್ತು. ಅಕ್ಷರಶಃ ಓದಿದರೆ ಎತ್ತು ಕಟ್ಟಿ ಓಡಿಸಿದ ಮಗ್ಗವೂ ಕೈಮಗ್ಗವೇ! ಕೈ ಎಂಬ ಪದ ಹೆಸರಿಗಷ್ಟೇ. ಕಾಯ್ದೆ ನಿಜವಾಗಿ ಕೇಳಿದ್ದು ಮೈಯ ಶಕ್ತಿಯನ್ನು.

ಕಾಯ್ದೆ ಬಂದ ಕೂಡಲೇ ಕೋರ್ಟಿನ ಮೆಟ್ಟಿಲೇರಿತು. 1993ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದಾಗ ಎಂಟು ವರ್ಷ ಕಳೆದಿತ್ತು. 1996ಕ್ಕೆ 22 ಬಗೆ 11ಕ್ಕಿಳಿಯಿತು. ಸೀರೆ, ಧೋತರ, ಲುಂಗಿ, ಜಮಖಾನ ಪಟ್ಟಿಯಲ್ಲಿ ಉಳಿದವು. ಆದರೆ ನೇಯ್ದು ಮಡಚಿದ ಸೀರೆ ತಾನು ಯಾವ ಮಗ್ಗದಿಂದ ಬಂದೆ ಎಂದು ಬಾಯಿಬಿಡುವುದಿಲ್ಲ. ಇಳಕಲ್ ಸೀರೆ ಎಂದು ಅಂಗಡಿಯಲ್ಲಿ ಕೊಡುವುದರಲ್ಲಿ ಎಷ್ಟು ಗುಂಡಿ ಮಗ್ಗದ್ದು, ಎಷ್ಟು ಅಲ್ಲ ಎಂದು ಕೊಳ್ಳುವವರಿಗೆ ತಿಳಿಯುವುದು ಕಷ್ಟ. 2006ರಲ್ಲಿ ಬಟ್ಟೆಗೆ ಹಚ್ಚುವ ಕೈಮಗ್ಗದ ಗುರುತಿನ ಚೀಟಿ, ಅಂದರೆ ಹ್ಯಾಂಡ್‌ಲೂಮ್ ಮಾರ್ಕ್, ಬಂದದ್ದು ಇದಕ್ಕೇ.

ನಿಜವಾದ ಗದ್ದಲ ಎದ್ದದ್ದು 2012ರಲ್ಲಿ. ಹನ್ನೆರಡನೇ ಪಂಚವಾರ್ಷಿಕ ಯೋಜನೆಯ ತಯಾರಿಯಲ್ಲಿ ಹೊಸ ವ್ಯಾಖ್ಯೆಯೊಂದು ಮೇಜಿನ ಮೇಲೆ ಬಂತು. ನೇಯ್ಗೆಯ ಕೆಲಸಗಳಲ್ಲಿ ಒಂದಕ್ಕಾದರೂ ಮನುಷ್ಯನ ಕೈ ಅಥವಾ ಶಕ್ತಿ ಬೇಕಾಗುವ ಮಿಶ್ರ ಮಗ್ಗವೂ ಕೈಮಗ್ಗವೇ ಎಂಬುದು ಅದರ ಸಾರ. ನೋಡಲು ಸಣ್ಣ ತಿದ್ದುಪಡಿ. ಆದರೆ ಮೂರು ಕೆಲಸದಲ್ಲಿ ಎರಡಕ್ಕೆ ಮೋಟಾರು, ಒಂದಕ್ಕೆ ಮನುಷ್ಯ ಅಂದರೆ ಮೀಸಲಾತಿಯ ಬೇಲಿಗೆ ಬಾಗಿಲು ತೆರೆದ ಹಾಗೆ ಅಲ್ವಾ? ಕೈಮಗ್ಗದ ಜತೆ ಕೆಲಸ ಮಾಡುವವರು ದೇಶದ ತುಂಬ ವಿರೋಧಿಸಿದರು. ಪ್ರಸ್ತಾಪ ತಣ್ಣಗಾಯಿತು. ಮೀಸಲಾತಿ ಸಡಿಲವಾಗುತ್ತದೆ ಎಂಬ ಸುದ್ದಿ 2015ರಲ್ಲಿ ಮತ್ತೆ ಹಬ್ಬಿತು. ಅದೇ ವರ್ಷ ಏಪ್ರಿಲ್‌ನಲ್ಲಿ ನಂಜನಗೂಡು ತಾಲ್ಲೂಕಿನ ಬದನವಾಳಿನ ಹಳೆ ಖಾದಿ ಕೇಂದ್ರದಲ್ಲಿ, ಹೆಗ್ಗೋಡಿನ ಕೈಮಗ್ಗ ಸಂಸ್ಥೆ ಚರಕದ ಪ್ರಸನ್ನ ಅವರ ಮುಂದಾಳತ್ವದಲ್ಲಿ ಕೈದುಡಿಮೆಯ ಪರವಾಗಿ ದೊಡ್ಡ ಸತ್ಯಾಗ್ರಹ ನಡೆಯಿತು.

ಹಾಗಂತ ಮೋಟಾರು ಬೇಡವೇ ಬೇಡ ಎಂದು ಹೊರಗೆ ನಿಂತು ಹೇಳುವುದು ಸುಲಭ. ಜಕಾರ್ಡ್, ಅಂದರೆ ವಿನ್ಯಾಸಕ್ಕೆ ಬೇಕಾದ ಎಳೆಗಳನ್ನು ಆರಿಸಿ ಎತ್ತುವ ಸಾಧನ, ಕೂರಿಸಿದ ಮಗ್ಗದ ಮುಂದೆ ಕೂತವರನ್ನು ಕೇಳಿ ನೋಡಿ. ಅಲ್ಲಿ ಒಂದು ಹಲಗೆ ತುಳಿದರೆ ನೂರಾರು ಕೊಕ್ಕೆಗಳ ಭಾರ ಮೇಲೇಳಬೇಕು. ವಿನ್ಯಾಸ ದೊಡ್ಡದಾದಷ್ಟೂ ಭಾರ ಜಾಸ್ತಿ. ದಿನವಿಡೀ ತುಳಿದ ಮಂಡಿ ರಾತ್ರಿ ನಿದ್ದೆ ಕೊಡುವುದಿಲ್ಲ. ಆ ಭಾರ ಎತ್ತಲು ಪುಟ್ಟ ಮೋಟಾರು ಸಿಕ್ಕರೆ ಸಾಕು ಎನ್ನುವವರು ನೇಕಾರರೇ. ಲಾಳಿ, ಬಡಿತ, ಅಂಚಿನ ಕಣ್ಣಳತೆ ಎಲ್ಲ ಅವರದ್ದೇ ಇರುವಾಗ ಇಷ್ಟಕ್ಕೆ ತಕರಾರು ಯಾಕೆ ಎಂದು ನನಗೂ ಅನಿಸುತ್ತದೆ. ಆದರೆ ಈ ಮಂಡಿನೋವು ಹಿಡಿದುಕೊಂಡೇ ಇಡೀ ಮಗ್ಗಕ್ಕೆ ಮೋಟಾರು ನುಗ್ಗಿಸುವ ವಾದವೂ ಬರುತ್ತದೆ. ಸಿಕ್ಕು ಬಿಗಿಯಾಗುವುದು ಅಲ್ಲಿ.

ಸ್ಕಾಟ್ಲೆಂಡಿನ ಹೊರ ಹೆಬ್ರಿಡೀಸ್ ದ್ವೀಪಗಳವರು ಈ ಪ್ರಶ್ನೆಯನ್ನು ಬೇರೆ ಥರ ಬಿಡಿಸಿಕೊಂಡರು. ಅಲ್ಲಿನ ಹ್ಯಾರಿಸ್ ಟ್ವೀಡ್ ಉಣ್ಣೆ ಬಟ್ಟೆಗೆ ಮೊದಲ ಮಹಾಯುದ್ಧದ ನಂತರ ಹ್ಯಾಟರ್ಸ್ಲಿ ಎಂಬ ಮಗ್ಗ ಬಂತು. ಎರಡೂ ಕಾಲಿಂದ ತುಳಿದರೆ ಬಾಯಿ ತೆರೆಯುವುದು, ಲಾಳಿ ಓಡುವುದು, ಬಡಿಯುವುದು ಎಲ್ಲ ತಾನಾಗಿ ನಡೆಯುತ್ತದೆ. ಕೈಗೆ ಉಳಿದದ್ದು ಹರಿದ ಎಳೆ ಗಂಟು ಹಾಕುವಂಥ ಕೆಲಸ. ಆದರೂ 1993ರ ಅವರ ಕಾಯ್ದೆ ಅದನ್ನು ಕೈಯಿಂದ ನೇಯ್ದದ್ದು ಎಂದೇ ಒಪ್ಪುತ್ತದೆ. ನೇಯುವವರು ದ್ವೀಪದವರಾಗಿರಬೇಕು, ತಮ್ಮ ಮನೆಯಲ್ಲೇ ನೇಯಬೇಕು. ಉಣ್ಣೆಗೆ ಬಣ್ಣ ಹಾಕಿ ನೂಲುವುದೂ ದ್ವೀಪಗಳಲ್ಲೇ ಆಗಬೇಕು. ಯಂತ್ರಕ್ಕಿಂತ ಮನೆಯನ್ನೂ ಮನುಷ್ಯನನ್ನೂ ಗುರುತು ಮಾಡಿಕೊಂಡರು. ನಮ್ಮ ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದೂ ಅದೇ ವರ್ಷ. ನಮ್ಮ 11ರ ಪಟ್ಟಿಯಲ್ಲಿ ಉಣ್ಣೆಯ ಟ್ವೀಡ್ ಕೂಡ ಇದೆ ಎಂಬುದು ಇನ್ನೊಂದು ತಮಾಷೆ.

ಇತ್ತ ಬೇಲಿ ಬೇರೆ ಕಡೆಯಿಂದಲೂ ಸಡಿಲವಾಯಿತು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ತಯಾರಾಗುವ ರಾಷ್ಟ್ರಧ್ವಜದ ಖಾದಿಯನ್ನು ನೇಯುವುದು ಬಾಗಲಕೋಟೆ ಕಡೆಯ ಮಗ್ಗಗಳಲ್ಲಿ. ಧ್ವಜ ಕೈಯಿಂದ ನೂತು ನೇಯ್ದ ಬಟ್ಟೆಯದ್ದೇ ಆಗಿರಬೇಕು ಎಂದಿದ್ದ ಧ್ವಜ ಸಂಹಿತೆಗೆ ಬಂದ 2021ರ ಡಿಸೆಂಬರ್ 30ರ ತಿದ್ದುಪಡಿ ಯಂತ್ರದ ಬಟ್ಟೆಗೂ ಪಾಲಿಯೆಸ್ಟರಿಗೂ ಒಪ್ಪಿಗೆ ಕೊಟ್ಟಿತು. 2009-10ರ ಗಣತಿಯಲ್ಲಿ 43.31 ಲಕ್ಷವಿದ್ದ ದೇಶದ ಕೈಮಗ್ಗ ಕೆಲಸಗಾರರು 2019-20ರ ಗಣತಿಯಲ್ಲಿ 35.22 ಲಕ್ಷ. ವ್ಯಾಖ್ಯೆಯ ಚರ್ಚೆ ನಡೆಯುತ್ತಿದ್ದಾಗಲೇ ಇಷ್ಟು ಜನ ಗುಂಡಿಯಿಂದ ಕಾಲು ಮೇಲೆತ್ತಿಕೊಂಡಿದ್ದರು.

ಉಳಿದವರ ಕೆಲವು ಮಗ್ಗಗಳಲ್ಲಿ ಜಕಾರ್ಡ್ ಎತ್ತಲು ಮೋಟಾರು ಬಂದಿದೆ. ಮರದ ಹಲಗೆ ಇದ್ದ ಜಾಗದಲ್ಲಿ ಈಗ ಪುಟ್ಟ ಸ್ವಿಚ್ಚು. ಅದನ್ನು ಒತ್ತುವುದೂ ಕಾಲೇ.