ಸ್ವಿಚ್ ಇಳಿಸುವುದು ಸುಲಭ, ವಾಪಸ್ ತರುವುದೇ ಕಷ್ಟ

ನೆಟ್‌ವರ್ಕ್ ಸ್ವಿಚ್‌ನ ಫರ್ಮ್‌ವೇರ್ (ಅದರೊಳಗಿನ ಸಾಫ್ಟ್‌ವೇರ್) ಅಪ್‌ಗ್ರೇಡ್ ಅಂದ ಕೂಡಲೇ ಮ್ಯಾನೇಜರ್ ಕೇಳುವುದು ಒಂದೇ ಪ್ರಶ್ನೆ: 'ಎಷ್ಟು ಹೊತ್ತು ಡೌನ್ ಆಗುತ್ತೆ?' ನಾನು ತಿರುಗಿ ಕೇಳುತ್ತೇನೆ: ಆ ಸ್ವಿಚ್‌ಗೆ ಜೋಡಿ ಇದೆಯಾ? ಇದ್ದರೆ, ಪ್ರತಿ ಸರ್ವರ್‌ನ ಕೇಬಲ್ ಎರಡಕ್ಕೂ ಹೋಗಿದೆಯಾ?

ಮುಂದೂಡುತ್ತಾ ಹೋಗುವುದಂತೂ ದಾರಿಯಲ್ಲ. 2023ರ ಅಕ್ಟೋಬರ್‌ನಲ್ಲಿ ಸಿಸ್ಕೊ ಸ್ವಿಚ್, ರೂಟರ್‌ಗಳ ಆಪರೇಟಿಂಗ್ ಸಿಸ್ಟಮ್ ಆದ ಐಒಎಸ್ ಎಕ್ಸ್‌ಇಯ ವೆಬ್ ಯುಐನಲ್ಲಿ (ಬ್ರೌಸರ್‌ನಿಂದ ನಿರ್ವಹಿಸುವ ಪುಟ) ಬಯಲಾದ ಭದ್ರತಾ ದೋಷಕ್ಕೆ ತೀವ್ರತೆ 10ಕ್ಕೆ 10 ಇತ್ತು. ಪ್ಯಾಚ್ ಬರುವ ಮೊದಲೇ ದಾಳಿ ಶುರುವಾಗಿತ್ತು.

ಕಂಪನಿಗಳು 'ಇನ್-ಸರ್ವಿಸ್ ಅಪ್‌ಗ್ರೇಡ್' ಅಂತ ಒಂದು ಸೌಲಭ್ಯ ಕೊಡುತ್ತವೆ. ಒಂದೇ ಪೆಟ್ಟಿಗೆಯ ಸ್ವಿಚ್‌ನಲ್ಲಿ ಆಗ ಕಂಟ್ರೋಲ್ ಪ್ಲೇನ್ (ದಾರಿ ನಿರ್ಧರಿಸುವ ಸಾಫ್ಟ್‌ವೇರ್ ಭಾಗ) ಮಾತ್ರ ರೀಸ್ಟಾರ್ಟ್ ಆಗುತ್ತದೆ, ಚಿಪ್ ಪ್ಯಾಕೆಟ್ ಕಳಿಸುತ್ತಲೇ ಇರುತ್ತದೆ. ಓಡುವ ಬಸ್ಸಲ್ಲಿ ಕಂಡಕ್ಟರ್ ಬದಲಾದ ಹಾಗೆ: ಬಸ್ಸು ನಿಲ್ಲುವುದಿಲ್ಲ, ಹೊಸ ಟಿಕೆಟ್ ಮಾತ್ರ ಸ್ವಲ್ಪ ಹೊತ್ತು ಸಿಗುವುದಿಲ್ಲ. ಆದರೆ ಪಕ್ಕದ ಸಾಧನದ ಜೊತೆ ಎಲ್‌ಎಸಿಪಿ (ಹಲವು ಕೇಬಲ್‌ಗಳನ್ನು ಒಂದೇ ಲಿಂಕ್ ಆಗಿ ಕಟ್ಟುವ ಪ್ರೋಟೋಕಾಲ್) ಫಾಸ್ಟ್ ಟೈಮರ್ ಇದ್ದರೆ, 3 ಸೆಕೆಂಡ್ ಮೌನಕ್ಕೇ ಅದು ಲಿಂಕ್ ಸತ್ತಿದೆ ಅಂದುಕೊಳ್ಳುತ್ತದೆ. ನಿಧಾನದ ಟೈಮರ್‌ಗೆ 90 ಸೆಕೆಂಡ್ ತಾಳ್ಮೆ ಇರುತ್ತದೆ. ಸಿಸ್ಕೊದ ಡೇಟಾ ಸೆಂಟರ್ ಸ್ವಿಚ್ ಆದ ನೆಕ್ಸಸ್‌ನಲ್ಲಿ 'ಶೋ ಇನ್‌ಸ್ಟಾಲ್ ಆಲ್ ಇಂಪ್ಯಾಕ್ಟ್' ಕೊಟ್ಟರೆ ಅಡಚಣೆ ಆಗುತ್ತದೋ ಇಲ್ಲವೋ ಅಂತ ಮೊದಲೇ ಹೇಳುತ್ತದೆ. ಅದನ್ನು ಓದದೆ ಮುಂದೆ ಹೋಗಬೇಡಿ.

ಜೋಡಿ ಇದ್ದ ಕಡೆ ನನಗೆ ಹಳೇ ದಾರಿಯೇ ಇಷ್ಟ: ಒಂದನ್ನು ಪೂರ್ತಿ ರೀಬೂಟ್ ಮಾಡು, ಅದು ಸರಿಯಾಗಿ ನಿಂತ ಮೇಲೆ ಇನ್ನೊಂದು. ಡೇಟಾ ಸೆಂಟರ್‌ಗಳಲ್ಲಿ ಕಾಣುವ ಎರಡು ನೆಕ್ಸಸ್ 9000ಗಳ ವಿಪಿಸಿ ಜೋಡಿಯನ್ನೇ ತೆಗೆದುಕೊಳ್ಳಿ (ವಿಪಿಸಿಯಲ್ಲಿ ಎರಡು ಸ್ವಿಚ್‌ಗಳು ಸರ್ವರ್‌ಗೆ ಒಂದೇ ಸ್ವಿಚ್‌ನಂತೆ ಕಾಣುತ್ತವೆ). ಪೋರ್ಟ್ ಚಾನೆಲ್‌ಗಳೆಲ್ಲ (ಹಲವು ಕೇಬಲ್ ಸೇರಿಸಿ ಕಟ್ಟಿದ ಲಿಂಕ್‌ಗಳು) ಚಾಲೂ ಇವೆಯಾ ಅಂತ ಎಲ್ಲರೂ ನೋಡುತ್ತಾರೆ. ಸಮಸ್ಯೆ ಇರುವುದು ಅಲ್ಲಿ ಕಾಣದ ಪೋರ್ಟ್‌ಗಳಲ್ಲಿ. 'ಶೋ ವಿಪಿಸಿ ಆರ್ಫನ್-ಪೋರ್ಟ್ಸ್' ಹಾಕಿ ನೋಡಿ. ಒಂದೇ ಕೇಬಲ್‌ನ ಹಳೇ ಸರ್ವರ್, ಯಾರೋ ತಾತ್ಕಾಲಿಕ ಅಂತ ಸಿಕ್ಕಿಸಿ ಮರೆತ ಬ್ಯಾಕಪ್ ಪೆಟ್ಟಿಗೆ, ಎಲ್ಲ ಅಲ್ಲಿ ಸಿಗುತ್ತವೆ. ಲಿನಕ್ಸ್ ಸರ್ವರ್‌ಗಳಲ್ಲಿ ಬಾಂಡಿಂಗ್ (ಎರಡು ಕೇಬಲ್ ಒಂದಾಗಿಸುವ ವ್ಯವಸ್ಥೆ) ಸ್ಥಿತಿಯನ್ನೂ ನೋಡಿ. ಎರಡನೇ ಕೇಬಲ್ ಸತ್ತು ತಿಂಗಳುಗಳಾಗಿದ್ದರೂ ಯಾರೂ ಗಮನಿಸಿರುವುದಿಲ್ಲ. ಕೆಲಸ ನಡೆಯುತ್ತಿತ್ತಲ್ಲ!

ಸ್ವಿಚ್ ಇಳಿಸುವಾಗ ಸುಮ್ನೆ ರೀಲೋಡ್ (ರೀಬೂಟ್) ಒತ್ತಬೇಡಿ. ಮೊದಲು ಟ್ರಾಫಿಕ್ ಖಾಲಿ ಮಾಡಿಸಿ. ರೂಟಿಂಗ್ ಪ್ರೋಟೋಕಾಲ್ ಒಎಸ್‌ಪಿಎಫ್ ಇದ್ದರೆ ಮ್ಯಾಕ್ಸ್ ಮೆಟ್ರಿಕ್, ಅಂದರೆ 'ನನ್ನ ಮೂಲಕದ ದಾರಿ ತುಂಬ ದುಬಾರಿ' ಅಂತ ಸಾರುವುದು. ಇನ್ನೊಂದು ರೂಟಿಂಗ್ ಪ್ರೋಟೋಕಾಲ್ ಬಿಜಿಪಿ ಇದ್ದರೆ ಗ್ರೇಸ್‌ಫುಲ್ ಶಟ್‌ಡೌನ್, ಅಂದರೆ ರೂಟ್‌ಗಳಿಗೆ 65535:0 ಕಮ್ಯುನಿಟಿ (ಒಂದು ಗುರುತು) ಅಂಟಿಸುವುದು. 2018ರಿಂದ ಇದು ಇಂಟರ್ನೆಟ್ ಮಾನದಂಡ, ಆರ್‌ಎಫ್‌ಸಿ 8326. ಅಪ್‌ಲಿಂಕ್ ಕೌಂಟರ್‌ಗಳು ತಣ್ಣಗಾದ ಮೇಲೆ ರೀಲೋಡ್.

ಇಲ್ಲಿಯವರೆಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಏಟು ಬೀಳುವುದು ಸ್ವಿಚ್ ವಾಪಸ್ ಬರುವಾಗ. ಪೋರ್ಟ್‌ಗಳ ದೀಪ ಹತ್ತುತ್ತದೆ. ಸರ್ವರ್ ಅದನ್ನು ನಂಬಿ ಅರ್ಧ ಟ್ರಾಫಿಕ್ ಈ ಕಡೆ ತಳ್ಳುತ್ತದೆ. ಆದರೆ ಸ್ವಿಚ್‌ಗೆ ಇನ್ನೂ ರೂಟ್‌ಗಳೇ ಬಂದಿಲ್ಲ. ಬಂದ ಪ್ಯಾಕೆಟ್ ಅಲ್ಲೇ ಬಿದ್ದುಹೋಗುತ್ತದೆ. ಲಿಂಕ್ ಬಿದ್ದಿದ್ದರೆ ಸರ್ವರ್ ಇನ್ನೊಂದು ಕಾಲಿನ ಮೇಲೆ ನಿಲ್ಲುತ್ತಿತ್ತು. ಇಲ್ಲಿ ಲಿಂಕ್ ಜೀವಂತವಾಗಿದೆ, ಹಾಗಾಗಿ ಅದಕ್ಕೆ ಅನುಮಾನವೇ ಬರುವುದಿಲ್ಲ.

ಇದಕ್ಕೆ ಮದ್ದು ವಿಪಿಸಿಯ 'ಡಿಲೇ ರಿಸ್ಟೋರ್'. ಪೀರ್ ಲಿಂಕ್ (ಜೋಡಿಯ ಎರಡು ಸ್ವಿಚ್‌ಗಳ ನಡುವಿನ ಲಿಂಕ್) ಚಾಲೂ ಆದ ಮೇಲೂ ಅದು ಸರ್ವರ್ ಕಡೆಯ ವಿಪಿಸಿ ಪೋರ್ಟ್‌ಗಳನ್ನು ಸ್ವಲ್ಪ ಹೊತ್ತು ತಡೆದಿಡುತ್ತದೆ. ಡೀಫಾಲ್ಟ್ 30 ಸೆಕೆಂಡ್. ರೂಟ್‌ಗಳು ಜಾಸ್ತಿ ಇದ್ದರೆ ಅದು ಸಾಲದು. ನಾನು 150ಕ್ಕಿಂತ ಕಡಿಮೆ ಇಡುವುದಿಲ್ಲ. ಅರಿಸ್ಟಾ ಕಂಪನಿಯ ಸ್ವಿಚ್‌ಗಳಲ್ಲಿ ಇದೇ ಕೆಲಸಕ್ಕೆ ರೀಲೋಡ್ ಡಿಲೇ ಇದೆ. ಇಳಿಸುವಾಗ ಒಎಸ್‌ಪಿಎಫ್, ಬಿಜಿಪಿ ಕಡೆ ಹಾಕಿದ ತಡೆಯನ್ನೂ, ಸ್ವಿಚ್ ಕಲಿತ ರೂಟ್, ಎಆರ್‌ಪಿ, ಮ್ಯಾಕ್ (ಸಾಧನಗಳ ವಿಳಾಸ) ನಮೂದುಗಳ ಸಂಖ್ಯೆ ಮೊದಲಿನ ಹತ್ತಿರಕ್ಕೆ ಬಂದ ಮೇಲಷ್ಟೇ ತೆಗೆಯಿರಿ. ಮೊದಲಿನ ಸಂಖ್ಯೆ ಬರೆದಿಟ್ಟುಕೊಂಡಿದ್ದೀರಿ ಅಲ್ವಾ?

ಪಿಂಗ್ ಬಗ್ಗೆ ಒಂದು ಮಾತು. ಒಂದೇ ಒಂದು ಪಿಂಗ್ ಓಡಿಸಿ 'ಒಂದೂ ಡ್ರಾಪ್ ಇಲ್ಲ' ಅನ್ನುವವರು ಬಹಳ. ವಿಳಾಸ ನೋಡಿ ಟ್ರಾಫಿಕ್ ಹಂಚುವ ಹ್ಯಾಶಿಂಗ್‌ನಿಂದ ಆ ಪಿಂಗ್ ಸದಾ ಇನ್ನೊಂದು ಸ್ವಿಚ್ ಮೂಲಕವೇ ಹೋಗುತ್ತಿರಬಹುದು. ಬೇರೆ ಬೇರೆ ಸರ್ವರ್‌ಗಳಿಂದ ಬೇರೆ ಬೇರೆ ವಿಳಾಸಗಳಿಗೆ ಓಡಿಸಿ, ಸೆಕೆಂಡಿಗೆ ಐದರಂತೆ.

ಬಳಕೆದಾರರ ಸಾಧನಗಳು ನೇರ ಸೇರುವ ಆಕ್ಸೆಸ್ ಸ್ವಿಚ್‌ನ ಕಥೆ ಬೇರೆ. ಫೋನ್, ಕ್ಯಾಮೆರಾ, ವೈಫೈ ಎಪಿಗೆ (ಆಕ್ಸೆಸ್ ಪಾಯಿಂಟ್) ಇರುವುದು ಒಂದೇ ಕೇಬಲ್. ಅಲ್ಲಿ 'ಡೌನ್ ಆಗಲ್ಲ' ಅನ್ನುವುದು ಸುಳ್ಳು. ಕಡಿಮೆ ಮಾಡಬಹುದು, ಅಷ್ಟೇ. ಸಿಸ್ಕೊದ ಕ್ಯಾಟಲಿಸ್ಟ್ 9300ರಲ್ಲಿ ಪರ್ಪೆಚುಯಲ್ ಪಿಒಇ (ಪಿಒಇ ಅಂದರೆ ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟ್) ಆನ್ ಮಾಡಿದರೆ ಸ್ವಿಚ್ ರೀಲೋಡ್ ಆಗುವಾಗಲೂ ಪೋರ್ಟ್‌ಗೆ ಕರೆಂಟ್ ಹೋಗುತ್ತಿರುತ್ತದೆ. ಎಪಿಗಳು ಮೊದಲಿಂದ ಬೂಟ್ ಆಗುವ ಹೊತ್ತು ಉಳಿತಾಯವಾಗುತ್ತದೆ. ಆಸ್ಪತ್ರೆಯಂಥ ಕಡೆ ಮಹಡಿ ಮಹಡಿಯಾಗಿ ಮಾಡಿ. ಆ ಮಹಡಿಯ ನರ್ಸಿಂಗ್ ಸ್ಟೇಷನ್‌ಗೆ ಮೊದಲೇ ಹೇಳಿ.

ಇನ್ನು ಕಮಾಂಡ್. ಐಒಎಸ್ ಎಕ್ಸ್‌ಇಯಲ್ಲಿ ಆಡ್ (ಹೊಸ ಸಾಫ್ಟ್‌ವೇರ್ ಸೇರಿಸುವುದು), ಆಕ್ಟಿವೇಟ್ (ಅದಕ್ಕೆ ಬದಲಾಗುವುದು), ಕಮಿಟ್ (ಅದನ್ನೇ ಖಾಯಂ ಮಾಡುವುದು) ಮೂರನ್ನೂ ಒಂದೇ ಸಾಲಿನಲ್ಲಿ ಕೊಡುವ ಅಭ್ಯಾಸ ಎಲ್ಲ ಕಡೆ ಇದೆ. ಸಮಯ ಉಳಿಯುತ್ತದೆ ನಿಜ. ಆದರೆ ಬೇರೆ ಬೇರೆ ಕೊಟ್ಟರೆ ಆಕ್ಟಿವೇಟ್ ಆದಾಗಿನಿಂದ 120 ನಿಮಿಷದ ಟೈಮರ್ ಓಡುತ್ತದೆ. ಅಷ್ಟರಲ್ಲಿ ನೀವು ಕಮಿಟ್ ಮಾಡದಿದ್ದರೆ ಸ್ವಿಚ್ ತಾನಾಗಿಯೇ ಹಳೇ ವರ್ಷನ್‌ಗೆ ಮರಳುತ್ತದೆ. ಮೊದಲು ಪರೀಕ್ಷೆ ಮುಗಿಸಿ, ಆಮೇಲೆ ಕಮಿಟ್ ಮಾಡಿ. ಎಲ್ಲ ಸರಿಯಿದೆ ಅಂತ ಕಮಿಟ್ ಮರೆತು ಮಲಗಿದರೆ ಮಾತ್ರ, ನಡುರಾತ್ರಿ ಸ್ವಿಚ್ ಮತ್ತೊಮ್ಮೆ ರೀಬೂಟ್ ಆಗುತ್ತದೆ.